ಕೆರೆ, ಕೊಳಚೆ ನೀರು, ಟೊಮೆಟೊ: ಸುಸ್ಥಿರ ಅಭಿವೃದ್ಧಿಯ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೋಲಾರ ಜಿಲ್ಲೆಯ ಕೆರೆಗಳನ್ನೇ ಪಠ್ಯ ಮಾಡಿಕೊಂಡು ಕೆಲವು ವರ್ಷಗಳಿಂದ ಸುಸ್ಥಿರ ಅಭಿವೃದ್ಧಿಯ, ಅಂದರೆ ಇಂದಿನವರಿಗೂ ಸಾಕಾಗಿ ಮುಂದಿನವರಿಗೂ ಉಳಿಯುವಂಥ ಅಭಿವೃದ್ಧಿಯ, ಪಾಠ ಮಾಡುತ್ತಿದ್ದೇನೆ. ಒಂದಕ್ಕೊಂದು ಹೆಣೆದುಕೊಂಡ ವಿಷಯಗಳನ್ನು ಒಟ್ಟಿಗೆ ನೋಡುವುದು (ಇದನ್ನೇ ಸಂಕೀರ್ಣ ಚಿಂತನೆ ಅನ್ನುತ್ತಾರೆ), ಅಲ್ಲಿ ಏಳುವ ನೀತಿಯ ಪ್ರಶ್ನೆ ಕೇಳುವುದು ಈ ಪಾಠದ ತಿರುಳು. ತರಬೇತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ ಸಿಕ್ಕ ಶಿಕ್ಷಕರು ಮತ್ತು ಪೋಷಕರು ಕೇಳಿದ ಪ್ರಶ್ನೆಗಳು ಇವು. ಕೆಲವಕ್ಕೆ ಒಂದು ಸಾಲು ಸಾಕು ಅನ್ನಿಸಿತು. ಕೆಲವಕ್ಕೆ ಒಂದು ಪೀರಿಯಡ್ ಕೂಡ ಸಾಲದು.

ಸುಸ್ಥಿರ ಅಭಿವೃದ್ಧಿ ಶಿಕ್ಷಣ ಅಂದರೆ ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುವುದೇ ಅಲ್ವಾ?

ಗಿಡ ನೆಡಿ, ಬೇಡ ಅನ್ನುವುದಿಲ್ಲ. ಆದರೆ ಹೋದ ವರ್ಷ ತೋಡಿದ ಗುಂಡಿಯಲ್ಲೇ ಈ ವರ್ಷವೂ ಗಿಡ ನೆಟ್ಟು ಫೋಟೊ ತೆಗೆಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಹಿಂದೆ ಪ್ಲಾಸ್ಟಿಕ್ ಫ್ಲೆಕ್ಸ್ ಬೇರೆ.

ಗಿಡದ ವಿಷಯದಿಂದಲೇ ಶುರು ಮಾಡೋಣ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಕೋಲಾರದ ಎಷ್ಟೋ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದು ನಿಂತಿತು. ರೈತರಿಗೂ ಅದಕ್ಕೆ ಕಾರಣ ಇತ್ತು. ನೀರು ಹಾಯಿಸಬೇಕಿಲ್ಲ, ದನ ಬಾಯಿ ಹಾಕುವುದಿಲ್ಲ, ಕೂಲಿ ಆಳು ಹುಡುಕಬೇಕಿಲ್ಲ, ಕೆಲವು ವರ್ಷಕ್ಕೊಮ್ಮೆ ಕಡಿದರೆ ದುಡ್ಡು. ಆಗ ಅದು 'ಹಸಿರು' ಕೆಲಸವೇ. ಅದೇ ಹೊತ್ತಿನಲ್ಲಿ, 1983ರಲ್ಲಿ, ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಈ ಮರ ನೆಲದ ನೀರು ಕುಡಿಯುತ್ತದೆ, ರಾಗಿ ಬೆಳೆಯುವ ಜಾಗ ನುಂಗುತ್ತದೆ ಅನ್ನುವುದು ಅವರ ವಾದ. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಸರ್ಕಾರವೇ ಹಂಚಿದ ಗಿಡವನ್ನು ಸರ್ಕಾರವೇ ಬೇಡ ಅಂದಿತು. ಯಾಕೆ ಹೀಗಾಯಿತು, ಮೊದಲೇ ಗೊತ್ತಾಗುತ್ತಿತ್ತಾ, ಗೊತ್ತಿದ್ದವರ ಮಾತನ್ನು ಯಾಕೆ ಕೇಳಲಿಲ್ಲ? ಈ ಪ್ರಶ್ನೆಗಳನ್ನು ಮಕ್ಕಳು ಕೇಳತೊಡಗಿದರೆ ಪಾಠ ಶುರುವಾಯಿತು ಅಂತ ಅರ್ಥ.

ಸಿಲಬಸ್ಸಿನಲ್ಲಿ ಪರಿಸರದ ಪಾಠ ಇದೆಯಲ್ಲ? ಇನ್ನೇನು ಬೇಕು?

ಇದೆ. ಪರಿಸರವನ್ನು ಶಾಲೆ, ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಸರಿಯಾಗಿ ಜಾರಿಯಾಗಲಿಲ್ಲ ಅಂತ 2003ರಲ್ಲಿ ಮತ್ತೆ ಹೇಳಬೇಕಾಯಿತು. ವಿಶ್ವಸಂಸ್ಥೆ 2005ರಿಂದ 2014ರವರೆಗಿನ ಹತ್ತು ವರ್ಷವನ್ನು ಈ ಶಿಕ್ಷಣಕ್ಕೇ ಮೀಸಲಿಟ್ಟಿತು. 2015ರಲ್ಲಿ ಅದು ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದಾದ ಶಿಕ್ಷಣದ ಕೆಳಗೆ 4.7 ಅಂತ ಒಂದು ಅಂಶ ಇದಕ್ಕೇ ಇದೆ. ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಆದರೆ ಕ್ಲಾಸಿಗೆ ಬರುವ ಹೊತ್ತಿಗೆ ಅದು 'ಜಲಮಾಲಿನ್ಯದ ನಾಲ್ಕು ಕಾರಣ ಬರೆಯಿರಿ' ಆಗಿರುತ್ತದೆ. ಜೊತೆಗೆ ಥರ್ಮೊಕೋಲಿನಲ್ಲಿ ಮಾಡಿದ 'ಭೂಮಿ ಉಳಿಸಿ' ಮಾಡೆಲ್.

ಸಂಕೀರ್ಣ ಚಿಂತನೆ ಅಂದರೆ ಕಷ್ಟದ ಚಿಂತನೆಯೇ?

ಅಲ್ಲ. ಬೋರ್‌ವೆಲ್ ಮೋಟರ್ ಸುಟ್ಟರೆ ಅದು ಕಷ್ಟದ ಕೆಲಸ. ಆದರೆ ಗೊತ್ತಿರುವ ಮೆಕ್ಯಾನಿಕ್ ಬಿಚ್ಚಿ, ವೈಂಡಿಂಗ್ ಮಾಡಿ, ಮತ್ತೆ ಕೂಡಿಸಿದರೆ ಮೊದಲಿನಂತೆ ಓಡುತ್ತದೆ. ಕೆರೆ ಹಾಗಲ್ಲ. ಕೆರೆಯನ್ನು ಮುಟ್ಟಿದರೆ ಬಾವಿ ಬದಲಾಗುತ್ತದೆ, ಬಾವಿ ಬದಲಾದರೆ ಬೆಳೆ, ಬೆಳೆ ಬದಲಾದರೆ ಸಾಲ, ಸಾಲ ಬದಲಾದರೆ ಮತ್ತೆ ಕೆರೆ.

ಫ್ರಾನ್ಸಿನ ಚಿಂತಕ ಎಡ್ಗಾರ್ ಮೊರಾಂ ಈ ವಿಷಯಕ್ಕೇ ತಮ್ಮ ಬದುಕು ಕೊಟ್ಟವರು. ಮುಂದಿನ ಕಾಲದ ಶಿಕ್ಷಣ ಹೇಗಿರಬೇಕು ಅಂತ 1999ರಲ್ಲಿ ಯುನೆಸ್ಕೊಗಾಗಿ ಅವರು ಏಳು ಪಾಠಗಳನ್ನು ಬರೆದುಕೊಟ್ಟರು. 'ಕಾಂಪ್ಲೆಕ್ಸ್' ಅನ್ನುವ ಮಾತಿನ ಬೇರು ಲ್ಯಾಟಿನ್ನಿನದು, ಅದರರ್ಥ 'ಒಟ್ಟಿಗೆ ನೇಯ್ದದ್ದು' ಅಂತ ಅವರು ನೆನಪಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಇನ್ನೂ ಚೆಂದದ ಮಾತಿದೆ: ಹಾಸುಹೊಕ್ಕು. ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ರೇಷ್ಮೆ ಗೊತ್ತು. ಹಾಸಿನ ಎಳೆ, ಹೊಕ್ಕಿನ ಎಳೆ ಬೇರೆ ಬೇರೆ ಮಾಡಿ ಇಟ್ಟರೆ ಬರೀ ದಾರ ಉಳಿಯುತ್ತದೆ, ಬಟ್ಟೆ ಉಳಿಯುವುದಿಲ್ಲ ಅಂದರೆ ಸಾಕು. ನಾನು ಕ್ಲಾಸಿನಲ್ಲಿ 'ಸಂಕೀರ್ಣ' ಅನ್ನುವ ಪದ ಬಳಸುವುದನ್ನೇ ಬಿಟ್ಟಿದ್ದೇನೆ.

ಒಂದು ನಿಜವಾದ ಉದಾಹರಣೆ ಹೇಳಿ. ಪುಸ್ತಕದ್ದು ಬೇಡ.

ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಈ ಹೆಸರು ಗೊತ್ತು.

ಕೋಲಾರಕ್ಕೆ ಸದಾ ಹರಿಯುವ ನದಿ ಇಲ್ಲ. ಹಿಂದಿನವರು ಕೆರೆ ಮೇಲೆ ಕೆರೆ ಕಟ್ಟಿ ಬದುಕಿದರು. ಆಮೇಲೆ ಬೋರ್‌ವೆಲ್ ಬಂತು. ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಬೋರ್‌ಗಳ ಕಥೆ ಪ್ರತಿ ಮನೆಯಲ್ಲೂ ಇದೆ. ಸಿಕ್ಕ ನೀರಿನಲ್ಲೂ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಅನ್ನುವುದು ದೇಶದ ಮಾನದಂಡ. ಅದು ಮೀರಿದ ಊರುಗಳ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ.

ಇತ್ತ ಬೆಂಗಳೂರಿನಲ್ಲಿ ಕೊಳಚೆ ನೀರು ಎಲ್ಲಿ ಬಿಡಬೇಕು ಅನ್ನುವುದೇ ಸಮಸ್ಯೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಿದ್ದು, ಆ ಕೆರೆಗೆ 2017ರಲ್ಲೂ 2018ರಲ್ಲೂ ಬೆಂಕಿ ಬಿದ್ದಿದ್ದು ನಿಮಗೆ ನೆನಪಿರಬಹುದು. ನೀರಿಗೆ ಬೆಂಕಿ!

ಹಾಗಾಗಿ ಒಂದು ಯೋಜನೆ ಆಯಿತು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಪಂಪ್ ಮಾಡಿ, ಕೋಲಾರದ ಕೆರೆಗಳಿಗೆ ತುಂಬಿಸುವುದು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನುವುದು ಗುರಿ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜನ ಪೂಜೆ ಮಾಡಿದರು. ಸ್ವಲ್ಪ ದಿನಕ್ಕೇ ನೊರೆ ಕಾಣಿಸಿತು. ಉಳಿದ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು ಅಂತ ಹೋರಾಟಗಾರರು ಹೈಕೋರ್ಟಿಗೆ ಹೋದರು, ಆಮೇಲೆ ಸುಪ್ರೀಂ ಕೋರ್ಟಿಗೆ. ತಡೆ ಬಂತು, ತೆರವಾಯಿತು, ಮತ್ತೆ ಬಂತು, 2019ರಲ್ಲಿ ಮತ್ತೆ ತೆರವಾಯಿತು. ನೀರು ಹರಿಯಿತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಅಂತರ್ಜಲ ಮೇಲೆ ಬಂದಿದ್ದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ (ಐಐಎಸ್‌ಸಿ) ಅಳೆದು ಹೇಳಿದ್ದಾರೆ.

ಈಗ ಮಕ್ಕಳಿಗೆ ಒಂದು ಹನಿ ನೀರಿನ ದಾರಿ ಬರೆಯಲು ಹೇಳಿ. ಆ ಹನಿ ಹೊರಡುವುದು ಕಾವೇರಿಯಿಂದ. ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಸುಮಾರು 500 ಮೀಟರ್ ಮೇಲೆತ್ತಿ, ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ತರುತ್ತಾರೆ. ಅಲ್ಲಿ ಯಾರದೋ ಸ್ನಾನ, ಯಾರದೋ ಪಾತ್ರೆ. ಆಮೇಲೆ ಮೋರಿ, ಶುದ್ಧೀಕರಣ ಘಟಕ, ಪೈಪು, ಕೋಲಾರದ ಕೆರೆ. ಕೆರೆಯಿಂದ ನೆಲದೊಳಕ್ಕೆ, ಅಲ್ಲಿಂದ ಬೋರ್‌ವೆಲ್‌ಗೆ, ಬೋರ್‌ವೆಲ್‌ನಿಂದ ಟೊಮೆಟೊಗೆ. ಟೊಮೆಟೊ ಕೋಲಾರ ಎಪಿಎಂಸಿ ಮಾರುಕಟ್ಟೆಯಿಂದ ಲಾರಿ ಹತ್ತಿ ಮತ್ತೆ ಬೆಂಗಳೂರಿಗೆ. 'ಅವರು ಸ್ನಾನ ಮಾಡಿದ ನೀರೇ ಅವರ ಸಾರಿಗೆ ಬಂತಲ್ಲ ಸಾರ್!' ಅಂತ ಒಬ್ಬ ಹುಡುಗ ಅಂದಾಗ ಕ್ಲಾಸೆಲ್ಲ ನಕ್ಕಿತು. ಆ ಮಾತಿಗಿಂತ ಚೆನ್ನಾಗಿ ನಾನು ಹೇಳಲಾರೆ.

ಇದೆಲ್ಲ ಎಂಜಿನಿಯರಿಂಗ್ ಆಯ್ತು. ನೀತಿ, ಧರ್ಮ ಎಲ್ಲಿ ಬಂತು?

ಆ ದಾರಿಯನ್ನು ಪೂರ್ತಿ ಬರೆದ ಮೇಲೆ ನೀತಿಯ ಪ್ರಶ್ನೆ ನಾವು ತರಬೇಕಾಗಿಯೇ ಇಲ್ಲ, ಅದಾಗಿಯೇ ಬರುತ್ತದೆ. ದಾರಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ಅದು ಬರೀ ಎಂಜಿನಿಯರಿಂಗ್ ಅನ್ನಿಸುತ್ತದೆ.

ಒಂದು ಸಲ ಬೋರ್ಡಿನ ಮೇಲೆ ಎಲ್ಲ ಬರೆದು ಸುಮ್ನೆ ನಿಂತೆ. ಹತ್ತು ನಿಮಿಷದಲ್ಲಿ ಬಂದ ಪ್ರಶ್ನೆಗಳು ಇವು. ಕಾವೇರಿ ನೀರನ್ನು ಬಳಸುವವರು ಅವರು, ಬಳಸಿದ ಮೇಲಿನದು ನಮಗಾ? ಆ ನೀರೂ ಇಲ್ಲದಿದ್ದರೆ ನಮಗೇನಿತ್ತು? ಮೂರನೇ ಹಂತದ ಶುದ್ಧೀಕರಣದ ಖರ್ಚು ಯಾರು ಕೊಡಬೇಕು, ಗಲೀಜು ಮಾಡಿದವರಾ, ನೀರು ಬೇಕಾದವರಾ? ಕೆರೆಯ ನೀರು ಇಳಿಯುವುದು ಕುಡಿಯುವ ಬೋರ್‌ವೆಲ್‌ಗೂ ಅಲ್ವಾ? ಈಗ ಏನೂ ಆಗಿಲ್ಲ ಅಂದರೆ ಇಪ್ಪತ್ತು ವರ್ಷ ಆದಮೇಲೂ ಏನೂ ಆಗಲ್ವಾ? ಮೊದಲು ಈ ನೀರು ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತಿತ್ತಲ್ಲ, ಅಲ್ಲಿ ಕೆಳಗಿನ ರೈತರನ್ನು ಯಾರಾದರೂ ಕೇಳಿದರಾ?

ಕೊನೆಯ ಪ್ರಶ್ನೆ ಕೇಳಿದ್ದು ಹಿಂದಿನ ಬೆಂಚಿನ ಹುಡುಗಿ. ಅಲ್ಲಿಯವರೆಗೂ ನನಗೇ ಅದು ಹೊಳೆದಿರಲಿಲ್ಲ.

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಮೋಟರ್‌ನದು. ಈ ಕೆರೆಗಳಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ನೀರು ಅಂತರ್ಜಲಕ್ಕೆ ಮಾತ್ರ. ಕೆರೆ ಪಕ್ಕದ ಒಬ್ಬ ಸಣ್ಣ ರೈತ ಅಂದುಕೊಳ್ಳಿ. ಬೋರ್ ಕೊರೆಸಲು ದುಡ್ಡಿಲ್ಲ, ಬೆಳೆ ಒಣಗುತ್ತಿದೆ, ರಾತ್ರಿ ಕೆರೆಗೆ ಮೋಟರ್ ಇಡುತ್ತಾನೆ. ಅದು ಕಳ್ಳತನವೇ? ದುಡ್ಡಿದ್ದವನು ಪಕ್ಕದಲ್ಲೇ ಬೋರ್ ಕೊರೆಸಿ ಅದೇ ನೀರನ್ನು ಹಗಲಲ್ಲೇ ಎತ್ತುತ್ತಾನೆ. ಅದು ಕಳ್ಳತನ ಅಲ್ಲವೇ? ನಿಯಮ ಮುರಿದರೆ ಕೊನೆಯ ಕೆರೆಗೆ ನೀರು ಮುಟ್ಟುವುದಿಲ್ಲ, ಅದೂ ನಿಜ. ಇದಕ್ಕೆ ಎರಡು ಪೀರಿಯಡ್ ಕೊಡಿ. ಗಲಾಟೆ ಆಗುತ್ತದೆ, ಆಗಲಿ.

ಕೊನೆಗೆ 'ಎಲ್ಲರೂ ಅವರವರ ದೃಷ್ಟಿಯಲ್ಲಿ ಸರಿ' ಅಂತ ಮುಗಿಸಬಹುದಾ?

ದಯವಿಟ್ಟು ಬೇಡ. ಇದು ಸೋಮಾರಿ ಮೇಷ್ಟ್ರ ಉತ್ತರ. ನಾನೂ ಮೊದಲ ವರ್ಷ ಹೀಗೇ ಮುಗಿಸಿದ್ದೆ. ಮಕ್ಕಳ ಮುಖದಲ್ಲಿ 'ಹಾಗಾದರೆ ಇಷ್ಟು ಹೊತ್ತು ಮಾತಾಡಿದ್ದು ಯಾಕೆ?' ಅನ್ನುವ ಭಾವ.

ಹಲವು ಎಳೆ ಇದೆ ಅಂದರೆ ಎಲ್ಲ ಎಳೆಯೂ ಒಂದೇ ದಪ್ಪ ಅಂತಲ್ಲ. ಮಗುವಿನ ಹಲ್ಲು ಕಂದಾಗುವುದು ಮತ್ತು ಒಬ್ಬರ ಲೇಔಟಿನ ಬೆಲೆ ಇಳಿಯುವುದು ಎರಡೂ ನಷ್ಟವೇ. ಆದರೆ ಒಂದೇ ತಕ್ಕಡಿಯಲ್ಲಿ ಇಡುವ ನಷ್ಟಗಳಲ್ಲ. ಅಳೆದು ನೋಡಿದ ಮಾತು ಮತ್ತು ವಾಟ್ಸಾಪಿನಲ್ಲಿ ಬಂದ ಮಾತು ಕೂಡ ಸಮ ಅಲ್ಲ. ಕೆರೆಯಲ್ಲಿ ನೊರೆ ಬಂದಿದ್ದು ಕಣ್ಣಿಗೆ ಕಂಡಿದ್ದು. ನೊರೆಯಿಂದ ಇಂಥ ಕಾಯಿಲೆ ಬಂತು ಅನ್ನುವುದು ಬೇರೆ ಮಾತು, ಅದಕ್ಕೆ ಪುರಾವೆ ಕೇಳಬೇಕು. 'ಪುರಾವೆ ಇಲ್ಲ' ಅನ್ನುವುದೂ 'ಅಪಾಯ ಇಲ್ಲ' ಅನ್ನುವುದೂ ಒಂದೇ ಅಲ್ಲ, ಇದನ್ನೂ ಹೇಳಿಕೊಡಬೇಕು. ಗಂಭೀರ ಹಾನಿಯ ಭಯ ಇದ್ದಾಗ ಪೂರ್ತಿ ಪುರಾವೆಗೆ ಕಾಯುತ್ತ ಕೂರಬೇಡಿ ಅಂತ 1992ರ ರಿಯೊ ಸಮ್ಮೇಳನ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಕೇಸಿನಲ್ಲಿ, ಅದನ್ನು ಈ ದೇಶದ ಕಾನೂನಿನ ಭಾಗ ಅಂದಿತು. ಆ ಕಾರ್ಖಾನೆಗಳು ಕೆಡಿಸಿದ್ದು ಪಾಲಾರ್ ನದಿಯನ್ನು. ಆ ಪಾಲಾರ್ ಹುಟ್ಟುವುದು ನಮ್ಮ ಕಡೆಯೇ.

'ಸಾರ್, ನೀವೇನಂತೀರಿ?' ಅಂತ ಮಕ್ಕಳು ಕೇಳಿದರೆ?

ಹೇಳಿ. ಆದರೆ ಕೊನೆಗೆ ಹೇಳಿ. ಮೊದಲೇ ಹೇಳಿದರೆ ಎಲ್ಲರೂ ಅದನ್ನೇ ಬರೆದುಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಇದು: ನೀರು ನಿಲ್ಲಿಸುವುದು ತಪ್ಪು, ಎರಡನೇ ಹಂತಕ್ಕೇ ಸಾಕು ಅನ್ನುವುದೂ ತಪ್ಪು. ಎರಡನೇ ಹಂತದಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಕೊಳೆಯನ್ನು ತಿನ್ನಿಸುತ್ತಾರೆ. ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಕೆರೆಯಲ್ಲಿ ಪಾಚಿ, ಅಂತರಗಂಗೆ ಕಳೆ ಜಾಸ್ತಿ. ಮೂರನೇ ಹಂತ ಆಗಬೇಕು, ಅದರ ಖರ್ಚು ನಗರದ್ದು. ಇಷ್ಟು ಹೇಳಿ, 'ಇದು ತಪ್ಪು ಅಂತ ನನಗೆ ತೋರಿಸಿ' ಅನ್ನುತ್ತೇನೆ. ಒಂದು ವರ್ಷ ಒಬ್ಬಳು ನಿಜವಾಗಿಯೂ ತೋರಿಸಿದಳು. ನಗರ ಅಂದರೆ ಅಲ್ಲಿ ಮನೆಗೆಲಸ ಮಾಡುವ ಅವಳ ಚಿಕ್ಕಮ್ಮನೂ ಸೇರುತ್ತಾಳೆ, ಅವಳ ವಠಾರಕ್ಕೆ ಕಾವೇರಿ ನೀರು ಬರುವುದೇ ಅಪರೂಪ, ಅವಳಿಂದಲೂ ವಸೂಲಿ ಮಾಡುತ್ತೀರಾ ಅಂತ ಕೇಳಿದಳು. 'ನಗರದ್ದು' ಅಂತ ಸಲೀಸಾಗಿ ಹೇಳುವುದನ್ನು ಅಂದಿನಿಂದ ಕಡಿಮೆ ಮಾಡಿದ್ದೇನೆ.

ಕ್ಲಾಸಿನಲ್ಲಿ ಇದೆಲ್ಲ ರಾಜಕೀಯ ಆಗಲ್ವಾ?

ನೀರು ಯಾರಿಗೆ ಅನ್ನುವುದು ಯಾವತ್ತೂ ರಾಜಕೀಯವೇ. ಪಕ್ಷದ ಹೆಸರು ತರಬೇಡಿ, ಅಷ್ಟೆ. ನನ್ನನ್ನೂ ಒಮ್ಮೆ ಆಫೀಸ್ ರೂಮಿಗೆ ಕರೆದು 'ಇವೆಲ್ಲ ಯಾಕೆ ಮೇಷ್ಟ್ರೇ, ರಿಸಲ್ಟ್ ನೋಡ್ಕೊಳ್ಳಿ' ಅಂದಿದ್ದರು. ಮಕ್ಕಳು ಬರೆದ ನೋಟ್‌ಬುಕ್ ತೋರಿಸಿದೆ. ಸುಮ್ಮನಾದರು, ಒಪ್ಪಿದರು ಅಂತ ಹೇಳಲಾರೆ.

ಹಳೇ ಕಾಲದ ಕೆರೆ ಪದ್ಧತಿಗೆ ವಾಪಸ್ ಹೋದರೆ ಎಲ್ಲ ಸರಿಹೋಗಲ್ವಾ?

ಈ ಪ್ರಶ್ನೆ ಕೇಳುವವರಿಗೆ ಕೆರೆ ಮೇಲೆ ಪ್ರೀತಿ ಇರುತ್ತದೆ, ಹಾಗಾಗಿ ನಿಧಾನಕ್ಕೆ ಉತ್ತರ ಹೇಳುತ್ತೇನೆ.

ಆ ಪದ್ಧತಿಯಲ್ಲಿ ಜಾಣತನ ಇತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೂಳು ಎತ್ತಿ ಹೊಲಕ್ಕೆ ಗೋಡು ಹೊಡೆಯುವುದು. ತೂಬು ಎತ್ತಿ ಅಚ್ಚುಕಟ್ಟಿಗೆ ಇಷ್ಟಿಷ್ಟು ನೀರು ಅಂತ ಹಂಚಲು ನೀರುಗಂಟಿ. ಊರಿನವರೇ ನಿಯಮ ಮಾಡಿಕೊಂಡು ಎಲ್ಲರ ಆಸ್ತಿಯನ್ನು ಕಾಪಾಡಬಲ್ಲರು ಅಂತ ತೋರಿಸಿಕೊಟ್ಟಿದ್ದಕ್ಕೆ ಎಲಿನಾರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಅಜ್ಜಂದಿರು ಕೇಳಿದ್ದರೆ 'ಇದಕ್ಕೂ ಪ್ರಶಸ್ತಿಯಾ?' ಅನ್ನುತ್ತಿದ್ದರೇನೋ.

ಆದರೆ ನೀರುಗಂಟಿ ಯಾರು? ಹೆಚ್ಚಿನ ಊರುಗಳಲ್ಲಿ ದಲಿತ ಕುಟುಂಬದವರು. ಎಲ್ಲರ ಗದ್ದೆಗೂ ನೀರು ಬಿಡುವವನಿಗೆ ಎಷ್ಟೋ ಕಡೆ ಊರ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಅಚ್ಚುಕಟ್ಟಿನ ಒಳ್ಳೆಯ ಜಮೀನು ಯಾರದಿತ್ತು ಅಂತ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ. ಕೆರೆಗೆ ನೀರು ಬರಲಿ ಅಂತ ಗೌಡನ ಸೊಸೆಯನ್ನು ಬಲಿ ಕೊಟ್ಟ 'ಕೆರೆಗೆ ಹಾರ'ದ ಕಥೆಯನ್ನು ಕನ್ನಡ ಮೇಷ್ಟ್ರು ಹೇಗೂ ಹೇಳಿರುತ್ತಾರೆ. 'ಅವಳನ್ನೇ ಯಾಕೆ, ಗೌಡನನ್ನು ಯಾಕಲ್ಲ?' ಅಂತ ಕೇಳಿ ನೋಡಿ. ಪದ್ಧತಿ ಕೆರೆಯನ್ನು ಉಳಿಸಿತ್ತು, ಎಲ್ಲರನ್ನೂ ಸಮವಾಗಿ ಉಳಿಸಿರಲಿಲ್ಲ.

ಗಣಿತದ ಟೀಚರ್ ಏನು ಮಾಡಬಹುದು?

ದಿನಕ್ಕೆ 44 ಕೋಟಿ ಲೀಟರ್ ಅಂದರೆ 6,000 ಲೀಟರಿನ ಎಷ್ಟು ಟ್ಯಾಂಕರ್? ಸುಮಾರು 73,000. ಒಂದು ಎಕರೆ ಮೇಲೆ ಒಂದಡಿ ನೀರು ನಿಲ್ಲಲು ಸುಮಾರು 12.3 ಲಕ್ಷ ಲೀಟರ್ ಬೇಕು, ಹಾಗಾದರೆ ಎಷ್ಟು ಎಕರೆ? ಸುಮಾರು 357. ಇಷ್ಟು ಲೆಕ್ಕ ಮಾಡಿದ ಮೇಲೆ ಟೊಮೆಟೊಗೆ ಎಕರೆಗೆ ಎಷ್ಟು ನೀರು ಬಿಡುತ್ತೀರಿ ಅಂತ ಮನೆಯಲ್ಲಿ ಕೇಳಿಸಿ. ಮುಂದಿನದ್ದು ಅವರೇ ಮಾಡುತ್ತಾರೆ.

ಬಾಣದ ಚಿತ್ರವೂ ಆಗುತ್ತದೆ. ನೀರು ಆಳಕ್ಕೆ ಹೋಯಿತು, ದೊಡ್ಡ ಮೋಟರ್ ಬಂತು, 10 ಎಚ್‌ಪಿವರೆಗೆ ಕರೆಂಟು ಉಚಿತ, ಸಾಲ ತೀರಿಸಲು ದುಡ್ಡಿನ ಬೆಳೆ, ಅದಕ್ಕೆ ಇನ್ನಷ್ಟು ನೀರು, ನೀರು ಇನ್ನೂ ಆಳಕ್ಕೆ. ಬಾಣ ಸುತ್ತಿ ಶುರುವಿಗೇ ಬರುತ್ತದೆ. ಈ ಸುತ್ತನ್ನು ಎಲ್ಲಿ ಕತ್ತರಿಸಬಹುದು, ಕತ್ತರಿಸಿದರೆ ಯಾರಿಗೆ ಪೆಟ್ಟು ಅನ್ನುವುದು ಮನೆಗೆಲಸ.

ಎಷ್ಟನೇ ಕ್ಲಾಸಿನಿಂದ ಮಾಡಬಹುದು?

ಹನಿ ನೀರಿನ ದಾರಿಯನ್ನು ನಾಲ್ಕನೇ ಕ್ಲಾಸಿನವರೂ ಚಿತ್ರ ಬರೆಯುತ್ತಾರೆ. ಮೋಟರ್ ಪ್ರಶ್ನೆಗೆ ಎಂಟನೇ ಕ್ಲಾಸ್ ಆಗಲಿ.

ಮಕ್ಕಳಿಗೆ ಭಯ, ಬೇಜಾರು ಆಗುವುದಿಲ್ಲವೇ?

ಆಗುತ್ತದೆ. ಕಲೆ ಬಿದ್ದ ಹಲ್ಲಿನ ಹುಡುಗನ ಎದುರು ಫ್ಲೋರೈಡ್ ಬಗ್ಗೆ ಮಾತಾಡುವಾಗ ಹುಷಾರು. ನಾನು ಒಮ್ಮೆ ಎಡವಿದೆ. ಉದಾಹರಣೆ ಕೊಡುವ ಭರದಲ್ಲಿ ಎಲ್ಲರೂ ಅವನ ಕಡೆ ತಿರುಗಿ ನೋಡುವ ಹಾಗೆ ಮಾಡಿದೆ. ಅವನು ಒಂದು ವಾರ ಬಾಯಿ ತೆರೆದು ನಗಲಿಲ್ಲ. ನೀತಿಯ ಪಾಠ ಮಾಡುತ್ತಲೇ ನೀತಿ ತಪ್ಪಿದ್ದೆ. ಆಮೇಲೆ ಅವನ ಹತ್ತಿರ ಒಬ್ಬನೇ ಇದ್ದಾಗ ಕ್ಷಮೆ ಕೇಳಿದೆ. ಈಗ ಪಕ್ಕದ ಜಿಲ್ಲೆಯ ಉದಾಹರಣೆ ತೆಗೆದುಕೊಳ್ಳುತ್ತೇನೆ.

ಬೇಜಾರಿಗೆ ನನಗೆ ಗೊತ್ತಿರುವ ಔಷಧ ಒಂದೇ, ಅಳೆಯುವ ಕೆಲಸ ಕೊಡುವುದು. ಶಾಲೆಯ ಹತ್ತಿರದ ತೆರೆದ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಬರೆದಿಡಲಿ. ದೊಡ್ಡವರು ಜೊತೆಗಿರಬೇಕು.

ಅಂಕ ಹೇಗೆ ಕೊಡುವುದು?

'ಈ ನೀರು ಬೇಕೇ, ಬೇಡವೇ?' ಅನ್ನುವುದಕ್ಕೆ ಯಾವ ಉತ್ತರ ಬರೆದರೂ ಅಂಕದಲ್ಲಿ ವ್ಯತ್ಯಾಸ ಮಾಡುವುದಿಲ್ಲ. ತನಗೆ ಒಪ್ಪಿಗೆ ಇಲ್ಲದವರ ಮಾತನ್ನು ಅವರೇ ಓದಿದರೆ 'ಹೌದು, ನಾನು ಹೇಳುವುದು ಇದೇ' ಅನ್ನುವ ಹಾಗೆ ಬರೆದಿದ್ದಾರಾ ಅಂತ ನೋಡುತ್ತೇನೆ. ಅರ್ಧ ಅಂಕ ಅದಕ್ಕೇ. ಉಳಿದದ್ದು, ಕಂಡಿದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಮಾಡಿದ್ದಕ್ಕೆ. ಕಾಗುಣಿತಕ್ಕೆ ಕತ್ತರಿಸುವುದಿಲ್ಲ.

ನಾವು ಬೆಂಗಳೂರಿನವರು. ನಮ್ಮ ಶಾಲೆ ಹತ್ತಿರ ಕೆರೆಯೇ ಇಲ್ಲ.

ನಲ್ಲಿ ಇದೆಯಲ್ಲ? ಅದರಿಂದ ಹಿಂದಕ್ಕೆ ಕಾವೇರಿಯವರೆಗೆ, ಮುಂದಕ್ಕೆ ಮೋರಿಯಿಂದ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ. ಹೆಬ್ಬಾಳ, ನಾಗವಾರದ ಕಡೆಯವರಾದರೆ ನಿಮ್ಮ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿರಬಹುದು. ಆ ಊರಿನ ಒಂದು ಶಾಲೆಗೆ ಪತ್ರ ಬರೆಸಿ. ನಮ್ಮ ಮಕ್ಕಳಿಗೆ ಒಮ್ಮೆ ಅಂಥ ಪತ್ರ ಬಂದಿತ್ತು. 'ನಮ್ಮ ನೀರು ಹೇಗಿದೆ?' ಅಂತ ಕೇಳಿದ್ದರು. 'ನಿಮ್ಮ' ನೀರಾ ಅನ್ನುವುದರ ಮೇಲೇ ಒಂದು ಪೀರಿಯಡ್ ಜಗಳ ಆಯಿತು. ಆಮೇಲೆ ಉತ್ತರ ಬರೆದರು, ಜೊತೆಗೆ ಒಂದು ಕ್ರೇಟ್ ಟೊಮೆಟೊ ಕಳಿಸಬೇಕು ಅಂತ ಹಟ ಹಿಡಿದರು.

ಕೆರೆಗೆ ಕರೆದುಕೊಂಡು ಹೋಗುವಾಗ ಏನು ನೋಡಿಕೊಳ್ಳಬೇಕು?

ಪೋಷಕರ ಒಪ್ಪಿಗೆ ಪತ್ರ. ಇಬ್ಬರು ದೊಡ್ಡವರು ಜಾಸ್ತಿ ಇರಲಿ. ಹೂಳಿರುವ ಕಡೆ ಯಾರೂ ಇಳಿಯಬಾರದು, ಮೇಲೆ ಗಟ್ಟಿ ಕಂಡರೂ ಒಳಗೆ ಕಾಲು ಹೂತುಕೊಳ್ಳುತ್ತದೆ. ನೀರು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು. ಬೆಳಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ಬಿಸಿಲು. ಕೆರೆ ಏರಿ ಮೇಲೆ ಕುರಿ ಮೇಯಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಮೊದಲು ಅವರಿಗೆ ನಮಸ್ಕಾರ ಹೇಳಿ, ಕೂತು ಮಾತಾಡಿಸಿ. ನಿಮ್ಮ ಪ್ರಶ್ನೆಗಳ ಪಟ್ಟಿಯನ್ನು ಆಮೇಲೆ ತೆಗೆಯಿರಿ.